ಎಂಜಿನ್ ಹತ್ರ ಸಾಲ ತಂದ ಬೆಳಕು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಇತಿಹಾಸದಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಒಂದು ಚಿಕ್ಕ ಡರ್ಟ್ ಬೈಕಿನ ಹೆಡ್‌ಲೈಟ್ ಇದೆ. ಅದರ ಹಿಂದೆ ನೂರು ವರ್ಷಕ್ಕಿಂತ ಹಳೇ ಕಥೆ ಇದೆ ಅಂತ ನನಗೆ ಗೊತ್ತಾಗಿದ್ದು, ನಾನೇ ಒಂದು ತಪ್ಪು ಮಾಡಿದ ಮೇಲೆ. ಮೊದಲು ಆ ತಪ್ಪಿನಿಂದಲೇ ಶುರು ಮಾಡ್ತೀನಿ.

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯಲ್ಲಿ ನಮ್ಮ ಸೋದರಮಾವನ ತೋಟ ಇದೆ. ಚನ್ನಗಿರಿ ಮೊದಲು ಶಿವಮೊಗ್ಗ ಜಿಲ್ಲೆಯಲ್ಲಿತ್ತು, 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಅದಕ್ಕೆ ಸೇರಿತು. ಜಿಲ್ಲೆ ಬದಲಾದರೂ ಅಡಿಕೆ ಮಾತ್ರ ಬದಲಾಗಲಿಲ್ಲ. ಅಲ್ಲಿ ಯಾರನ್ನ ಮಾತಾಡಿಸಿದ್ರೂ ಮಾತು ಅಡಿಕೆ ರೇಟಿಗೆ ಬಂದು ನಿಲ್ಲುತ್ತೆ, ಅದಾದ ಮೇಲೆ ನೀರಿಗೆ. ಭದ್ರಾ ನೀರನ್ನ ಎತ್ತಿ ಕೆರೆ ತುಂಬಿಸೋ ಉಬ್ರಾಣಿ-ಅಮೃತಾಪುರ ಏತ ನೀರಾವರಿ ಯೋಜನೆಯ ಹೆಸರನ್ನ ನೀವೂ ಕೇಳಿರ್ತೀರಿ. ಕೆರೆ ಇದ್ದರೂ ತೋಟಕ್ಕೆ ಬೋರ್‌ವೆಲ್ ಬೇಕು. ಬೋರ್‌ವೆಲ್ ಮೋಟಾರಿಗೆ ತ್ರೀ ಫೇಸ್ ಕರೆಂಟ್ ಬೇಕು. ಆ ತ್ರೀ ಫೇಸ್ ಪಾಳಿ ಎಷ್ಟೋ ಸಲ ಬರೋದು ರಾತ್ರಿ.

ಹಾಗಾಗಿ ಮಾವ ರಾತ್ರಿ ಒಂದು ಗಂಟೆಗೋ ಎರಡು ಗಂಟೆಗೋ ಎದ್ದು ತೋಟಕ್ಕೆ ಹೋಗ್ತಾರೆ. ಅದಕ್ಕೆ ಅವರ ಹತ್ರ ಒಂದು ಹಳೇ 100 ಸಿಸಿ ಟೂ-ಸ್ಟ್ರೋಕ್ ಗಾಡಿ ಇದೆ. ಮಡ್‌ಗಾರ್ಡ್ ಕತ್ತರಿಸಿದ್ದಾರೆ, ಕೆಸರಲ್ಲಿ ಹಿಡಿತ ಸಿಗಲಿ ಅಂತ ಹಿಂದೆ ಗಟ್ಟಿ ಹಲ್ಲಿನ ಟೈರ್ ಹಾಕ್ಸಿದ್ದಾರೆ, ಹೆಡ್‌ಲೈಟ್ ಡೂಮ್ ಯಾವತ್ತೋ ಒಡೆದು ಹೋಗಿದೆ. ಟಾರ್ ರಸ್ತೆಗೆ ಅದನ್ನ ಇಳಿಸಲ್ಲ. ನಮ್ಮೂರ ಕಡೆ ಇದಕ್ಕೆ ‘ತೋಟದ ಗಾಡಿ’ ಅಂತಾರೆ. ಯೂಟ್ಯೂಬ್ ಭಾಷೆಯಲ್ಲಿ ಹೇಳಬೇಕಂದ್ರೆ ಇದೇ ಡರ್ಟ್ ಬೈಕ್. ಮಾವ ಬಾಯಲ್ಲಿ ಟಾರ್ಚ್ ಕಚ್ಕೊಂಡು ಗಾಡಿ ಓಡಿಸ್ತಿದ್ರು.

ಅದನ್ನ ನೋಡಿ ಪಾಪ ಅನ್ನಿಸಿ ನಾನು ಆನ್‌ಲೈನಲ್ಲಿ ಒಂದು ಎಲ್‌ಇಡಿ ಬಾರ್ ತರಿಸಿದೆ. ವಿಡಿಯೊ ನೋಡಿ ನಾನೇ ಹಾಕಿದೆ. ಬ್ಯಾಟರಿಯಿಂದ ನೇರ ಒಂದು ವೈರ್, ನಡುವೆ ಒಂದು ಸ್ವಿಚ್, ಜಾಯಿಂಟಿಗೆ ಟೇಪ್. ಆನ್ ಮಾಡಿದ ತಕ್ಷಣ ತೋಟವೇ ಹಗಲಾಯ್ತು. ಮೂರು ದಿನ ಎಲ್ಲರೂ ಹೊಗಳಿದರು.

ನಾಲ್ಕನೇ ರಾತ್ರಿ ಮಾವ ಕೆರೆ ಏರಿ ಮೇಲೆ ಬರ್ತಿದ್ದಾಗ ಹ್ಯಾಂಡಲ್ ಬುಡದಲ್ಲಿ ಆ ವೈರಿನ ಸಿಪ್ಪೆ ಉಜ್ಜಿ ಉಜ್ಜಿ ಸವೆದು, ಒಳಗಿನ ತಾಮ್ರ ಫ್ರೇಮಿಗೆ ತಾಗಿತು. ಮುಖದ ಮುಂದೆ ಹೊಗೆ. ಬೆಳಕು ಒಂದೇ ಕ್ಷಣದಲ್ಲಿ ಹೋಯ್ತು. ಎಂಜಿನ್ ಮಾತ್ರ ನಿಲ್ಲಲಿಲ್ಲ, ಗಾಡಿ ಅದೇ ವೇಗದಲ್ಲಿ ಹೋಗ್ತಾನೇ ಇತ್ತು. ಏರಿಯ ಒಂದು ಕಡೆ ತುಂಬಿದ ಕೆರೆ, ಇನ್ನೊಂದು ಕಡೆ ತೋಟ. ಮಾವ ತೋಟದ ಕಡೆ ಬಿದ್ದರು. ಎಡಗೈ ಮುಂಗೈ ಮೂಳೆ ಬಿರುಕು ಬಿಟ್ಟಿತ್ತು. ಅತ್ತೆ ನನ್ನನ್ನ ಬೈಯಲಿಲ್ಲ. "ಆ ಕಡೆ ಬಿದ್ದಿದ್ರೆ?" ಅಂತ ಒಂದೇ ಒಂದು ಸಲ ಕೇಳಿದರು, ಅಷ್ಟೇ.

ಬೆಳಿಗ್ಗೆ ಕೈಗೆ ಪಟ್ಟಿ ಕಟ್ಟಿಸ್ಕೊಂಡು ಬಂದು ಕೂತ ಮಾವ ಮಾತ್ರ ನಗ್ತಾ ಅಂದ್ರು: "ಅಳಿಯಾ, ಬಿ.ಕಾಂ ಓದೀಯ. ಆ ಲೈಟಿಗೆ ಕರೆಂಟ್ ಎಲ್ಲಿಂದ ಬರ್ತೈತೆ, ಎಷ್ಟು ಬರ್ತೈತೆ ಅಂತ ಲೆಕ್ಕ ಹಾಕಿದ್ದೇನೋ?"

ಹಾಕಿರಲಿಲ್ಲ. ಈ ಸಂಚಿಕೆ ಅವರ ಆ ಪ್ರಶ್ನೆಗೆ ನಾನು ಹುಡುಕಿಕೊಂಡ ಉತ್ತರ.

ಕಾರ್ಬೈಡ್ ಕಾಲ

ಮೋಟರ್‌ಸೈಕಲ್ ಹುಟ್ಟಿದ ಹೊಸದರಲ್ಲಿ ಎಂಜಿನ್‌ಗೂ ದೀಪಕ್ಕೂ ಸಂಬಂಧವೇ ಇರಲಿಲ್ಲ. ದೀಪ ಬೇಕು ಅಂದ್ರೆ ಎಣ್ಣೆ ದೀಪ, ಇಲ್ಲಾ ಕಾರ್ಬೈಡ್ ದೀಪ. ಮಾವಿನಕಾಯಿನ ಬೇಗ ಹಣ್ಣು ಮಾಡೋಕೆ ಕದ್ದು ಹಾಕ್ತಾರಲ್ಲ, ಅದೇ ಕ್ಯಾಲ್ಸಿಯಂ ಕಾರ್ಬೈಡ್. ದೀಪದ ಕೆಳಗಿನ ಡಬ್ಬಿಯಲ್ಲಿ ಕಾರ್ಬೈಡ್ ಹರಳು, ಮೇಲಿನ ಡಬ್ಬಿಯಲ್ಲಿ ನೀರು. ನೀರು ತೊಟ್ಟು ತೊಟ್ಟಾಗಿ ಬಿದ್ದರೆ ಅಸಿಟಿಲಿನ್ ಅನಿಲ ಬರುತ್ತೆ. ಅದಕ್ಕೆ ಕಡ್ಡಿ ಗೀರಿದ್ರೆ ಬೆಳ್ಳಗಿನ ಜ್ವಾಲೆ. ನೀರು ಜಾಸ್ತಿ ಬಿಟ್ಟರೆ ಅನಿಲ ಜಾಸ್ತಿ, ಬೆಳಕೂ ಜಾಸ್ತಿ, ಕಾರ್ಬೈಡ್ ಬೇಗ ಖಾಲಿ. ಸವಾರನಿಗೆ ತನ್ನ ಬೆಳಕಿನ ಲೆಕ್ಕ ಕಣ್ಣೆದುರೇ ಕಾಣ್ತಿತ್ತು. ಡಬ್ಬಿ ತೆಗೆದು ನೋಡಿದ್ರೆ ಮನೆ ಮುಟ್ಟೋವರೆಗೂ ಬರುತ್ತೋ ಇಲ್ಲವೋ ಗೊತ್ತಾಗ್ತಿತ್ತು.

ಎಂಜಿನ್ ಒಳಗಡೆ ಬೇರೆ ಕಥೆ ನಡೀತಿತ್ತು. ಪೆಟ್ರೋಲ್ ಎಂಜಿನ್‌ಗೆ ಕಿಡಿ ಬೇಕೇ ಬೇಕು. ಆಯಸ್ಕಾಂತವನ್ನ ತಂತಿ ಸುರುಳಿ ಹತ್ರ ಅಲುಗಾಡಿಸಿದ್ರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತೆ ಅಂತ ಮೈಕೆಲ್ ಫ್ಯಾರಡೆ ತೋರಿಸಿದ್ದು 1831ರಲ್ಲಿ. ಅದೇ ತತ್ವದ ಮ್ಯಾಗ್ನೆಟೊವನ್ನ ಜರ್ಮನಿಯ ರಾಬರ್ಟ್ ಬಾಷ್ 1897ರಲ್ಲಿ ಒಂದು ಮೂರು ಚಕ್ರದ ಮೋಟಾರ್ ಗಾಡಿಗೆ ಅಳವಡಿಸಿದರು. 1902ರಲ್ಲಿ ಅವರ ಕಾರ್ಖಾನೆಯ ಗಾಟ್‌ಲೋಬ್ ಹೊನೋಲ್ಡ್ ಸ್ಪಾರ್ಕ್ ಪ್ಲಗ್ ಸಮೇತ ಹೈ ವೋಲ್ಟೇಜ್ ಮ್ಯಾಗ್ನೆಟೊ ತಂದರು. ಅದೇ 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹರೀತು. 1905ರ ಆಗಸ್ಟ್ 5ಕ್ಕೆ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. ಎರಡೂ ಕಡೆ ಕೆಲಸ ಒಂದೇ. ಶಿವನಸಮುದ್ರದಲ್ಲಿ ತಿರುಗಿಸೋದು ಕಾವೇರಿ, ಬೈಕಲ್ಲಿ ತಿರುಗಿಸೋದು ಪಿಸ್ಟನ್.

ಈ ಬಾಷ್ ನಮಗೆ ಅಷ್ಟೇನೂ ದೂರದವರಲ್ಲ. 1951ರಲ್ಲಿ ಬೆಂಗಳೂರಲ್ಲಿ ಶುರುವಾದ ಮೈಕೋ ಕಂಪನಿ ಅವರದ್ದೇ ಬಳಗ. ಆಡುಗೋಡಿಯ ಆ ಫ್ಯಾಕ್ಟರಿಯ ಮೈಕೋ ಸ್ಪಾರ್ಕ್ ಪ್ಲಗ್ಗನ್ನ ಪ್ಯಾಂಟ್ ಜೇಬಲ್ಲಿ ಇಟ್ಕೊಂಡು ಓಡಾಡಿದ ಟೂ-ಸ್ಟ್ರೋಕ್ ಸವಾರರು ನಿಮ್ಮ ಮನೇಲೂ ಇರಬಹುದು, ಕೇಳಿ ನೋಡಿ.

1913ರಲ್ಲಿ ಬಾಷ್ ಕಂಪನಿ ಗಾಡಿಗಳಿಗೆ ಜನರೇಟರ್ ಸಮೇತ ವಿದ್ಯುತ್ ದೀಪದ ಪೂರ್ತಿ ಸೆಟ್ ಮಾರೋಕೆ ಶುರು ಮಾಡಿತು. ಕಡ್ಡಿ ಗೀರೋ ಕೆಲಸ ತಪ್ಪಿತು. ಆದರೆ ಅವತ್ತಿಂದ ದೀಪ ಸ್ವಂತ ದುಡಿಮೆ ಬಿಟ್ಟು ಎಂಜಿನ್ ಹತ್ರ ಕೈಚಾಚೋ ಹಾಗಾಯ್ತು. ಸವಾರನ ಕಣ್ಣಿಗೆ ಕಾಣ್ತಿದ್ದ ಲೆಕ್ಕ ವೈರಿನ ಒಳಗೆ ಮರೆಯಾಯ್ತು. ನಾನು ಮಾವನ ಗಾಡಿಯಲ್ಲಿ ಎಡವಿದ್ದು ಇದೇ ಜಾಗದಲ್ಲಿ.

ಅದೇ 1913ರಲ್ಲಿ ಇನ್ನೊಂದು ಘಟನೆ. ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಇಂಟರ್‌ನ್ಯಾಷನಲ್ ಸಿಕ್ಸ್ ಡೇಸ್ ಟ್ರಯಲ್ ಅನ್ನೋ ಆರು ದಿನದ ಮೋಟರ್‌ಸೈಕಲ್ ಸ್ಪರ್ಧೆ ಮೊದಲ ಸಲ ನಡೀತು. ಇವತ್ತಿನ ಎಂಡ್ಯೂರೊ ಸ್ಪರ್ಧೆಗಳ ಅಜ್ಜ ಅದು. ಡರ್ಟ್ ಬೈಕ್ ಕುಟುಂಬ ಎರಡು ಕವಲಾಗಿದ್ದು ಹೀಗೆ. ಬೇಲಿ ಹಾಕಿದ ಮಣ್ಣಿನ ಟ್ರ್ಯಾಕಲ್ಲಿ ಸುತ್ತೋ ಮೋಟೊಕ್ರಾಸ್ ಬೈಕಿಗೆ ದೀಪ ಬೇಡ. ಊರು, ಕಾಡು, ಸಾರ್ವಜನಿಕ ರಸ್ತೆ ದಾಟಿ ಹೋಗೋ ಎಂಡ್ಯೂರೊ ಬೈಕಿಗೆ ದೀಪ ಬೇಕೇ ಬೇಕು. ನಮ್ಮ ತೋಟದ ಗಾಡಿ ನೋಡೋಕೆ ಮೊದಲನೇದರ ಹಾಗಿದೆ, ಮಾಡೋ ಕೆಲಸ ಮಾತ್ರ ಎರಡನೇದರದ್ದು.

ಮೈಸೂರಿನ 6 ವೋಲ್ಟ್

ಕರ್ನಾಟಕದ ಮಣ್ಣಿನ ರಸ್ತೆಗೆ ದೀಪ ತಂದ ಗಾಡಿ ಯಾವುದು ಅಂತ ಕೇಳಿದ್ರೆ ನಮ್ಮ ದೊಡ್ಡವರು ಹೇಳೋ ಮೊದಲ ಹೆಸರು ಜಾವಾ. ಚೆಕೊಸ್ಲೊವಾಕಿಯಾದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಶುರು ಮಾಡಿದ ಕಂಪನಿ ಅದು. ಜರ್ಮನಿಯ ವಾಂಡರರ್ ಕಂಪನಿಯ ಮೋಟರ್‌ಸೈಕಲ್ ವಿಭಾಗ ಕೊಂಡು, ತಮ್ಮ ಹೆಸರಿನ ಮೊದಲ ಅಕ್ಷರಗಳನ್ನೂ ಅದರ ಹೆಸರಿನ ಮೊದಲ ಅಕ್ಷರಗಳನ್ನೂ ಸೇರಿಸಿ ಜಾವಾ ಅಂತ ಇಟ್ಟರು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯಿಂದ ಗಾಡಿ ಹೊರಬರೋಕೆ ಶುರುವಾಗಿದ್ದು 1961ರಲ್ಲಿ. 1973ರಿಂದ ಅದೇ ಕಾರ್ಖಾನೆಯ ಗಾಡಿಗೆ ಯೆಜ್ಡಿ ಅಂತ ಹೆಸರಾಯ್ತು. 1996ರಲ್ಲಿ ಬಾಗಿಲು ಮುಚ್ಚಿತು. ಜಾವಾ ಹೆಸರು 2018ರಲ್ಲೂ ಯೆಜ್ಡಿ ಹೆಸರು 2022ರಲ್ಲೂ ಮತ್ತೆ ಬಂತು, ಅದು ಬೇರೆ ಕಂಪನಿಯ ಬೇರೆ ಗಾಡಿ.

ಜಾವಾ ಕಿಕ್ಕರ್ ಹೊಡೆದು, ಅದೇ ಲಿವರನ್ನ ಮುಂದಕ್ಕೆ ಮಡಚಿದ್ರೆ ಗೇರ್ ಲಿವರ್ ಆಗುತ್ತೆ. ಇದು ಬಹಳ ಜನರಿಗೆ ಗೊತ್ತು. ಅದರ ಕರೆಂಟ್ ಲೆಕ್ಕ ಅಷ್ಟು ಜನಕ್ಕೆ ಗೊತ್ತಿಲ್ಲ. ಆ ಕಾಲದ 250 ಸಿಸಿ ಜಾವಾದ ಡೈನಮೊ 6 ವೋಲ್ಟ್, 45 ವ್ಯಾಟ್. ಗಾಡಿಯ ಪೂರ್ತಿ ಆದಾಯ ಇಷ್ಟೇ. ಈಗ ಖರ್ಚಿಗೆ ಬನ್ನಿ. ಹೆಡ್‌ಲೈಟಿಗೆ 25 ವ್ಯಾಟ್ ಬಲ್ಬ್, ಹಿಂದಿನ ದೀಪಕ್ಕೆ 5 ವ್ಯಾಟ್ ಅಂತ ಇಟ್ಕೊಳ್ಳಿ, ಆಗಲೇ 30 ಆಯ್ತು. ಉಳಿದ 15ರಲ್ಲಿ ಪ್ಲಗ್ಗಿಗೆ ಕಿಡಿ ಕೊಡೋ ಇಗ್ನಿಷನ್ ಕಾಯಿಲ್ ನಡೀಬೇಕು, ಮೀಟರ್ ದೀಪ ಉರೀಬೇಕು, ಬ್ಯಾಟರಿ ಚಾರ್ಜ್ ಆಗಬೇಕು. ಹಾರನ್ ಹೊಡೆದ್ರೆ ಬ್ಯಾಟರಿಯಿಂದ ಸಾಲ. ಅದರ ಮೇಲೆ ಯಾರಾದ್ರೂ ಒಂದು ಫಾಗ್ ಲ್ಯಾಂಪ್ ಸೇರಿಸಿದ್ರೆ ಬೆಳಗಾಗೋದ್ರಲ್ಲಿ ಬ್ಯಾಟರಿ ದಿವಾಳಿ. ಜಾವಾದ ಕಿಡಿ ಬರೋದೂ ಅದೇ ಬ್ಯಾಟರಿಯಿಂದ. ಅಂದ್ರೆ ಬ್ಯಾಟರಿ ಸತ್ತರೆ ಎಂಜಿನ್ನೂ ನಿಲ್ಲುತ್ತೆ.

6 ವೋಲ್ಟಿಗೆ ಇನ್ನೊಂದು ಕಾಯಿಲೆ ಇತ್ತು. ವ್ಯಾಟ್ ಅಂದ್ರೆ ವೋಲ್ಟ್ ಗುಣಿಸು ಆಂಪಿಯರ್, ಶಾಲೆಯಲ್ಲಿ ಓದಿದ್ದೀವಿ. 30 ವ್ಯಾಟ್ ಬೇಕಂದ್ರೆ 6 ವೋಲ್ಟಿನಲ್ಲಿ 5 ಆಂಪಿಯರ್ ಹರೀಬೇಕು, 12 ವೋಲ್ಟಿನಲ್ಲಿ ಎರಡೂವರೆ ಆಂಪಿಯರ್ ಸಾಕು. ಈಗ ಮಳೆಗೆ ತುಕ್ಕು ಹಿಡಿದ ಒಂದು ಕನೆಕ್ಷನ್ ಇದೆ, ಅದರ ತಡೆ ಒಂದು ಓಮ್‌ನ ಹತ್ತನೇ ಒಂದು ಭಾಗ ಅಂತ ಅಂದ್ಕೊಳ್ಳಿ. 5 ಆಂಪಿಯರ್ ಹರಿದಾಗ ಅಲ್ಲೇ ಅರ್ಧ ವೋಲ್ಟ್ ಸೋರಿ ಹೋಗುತ್ತೆ. 6ರಲ್ಲಿ ಅರ್ಧ ಅಂದ್ರೆ ಶೇಕಡಾ 8ಕ್ಕಿಂತ ಜಾಸ್ತಿ. ತಂತಿ ಬಲ್ಬಿನ ಗುಣ ಹೇಗಿದೆ ಅಂದ್ರೆ, ವೋಲ್ಟ್ ಶೇಕಡಾ 8 ಇಳಿದ್ರೆ ಬೆಳಕು ಹತ್ತಿರ ಹತ್ತಿರ ಕಾಲು ಭಾಗ ಇಳಿಯುತ್ತೆ. ಅದೇ ತುಕ್ಕು 12 ವೋಲ್ಟ್ ಗಾಡಿಯಲ್ಲಿದ್ರೆ ಸೋರೋದು ಶೇಕಡಾ 2 ಅಷ್ಟೇ. ಹಳೇ ಗಾಡಿಗಳ ಬೆಳಕನ್ನ ‘ಮಿಣುಕು ಹುಳ’ ಅಂತ ನಮ್ಮಜ್ಜಂದಿರು ಗೇಲಿ ಮಾಡ್ತಿದ್ದರಲ್ಲ, ಅದರಲ್ಲಿ ಅರ್ಧ ತಪ್ಪು ಬಲ್ಬಿನದ್ದಲ್ಲ, ತುಕ್ಕಿನದ್ದು.

ರೇಸ್ ಕೊಟ್ರೆ ಬೆಳಕು

ಜಾವಾ ಎಲ್ಲರ ಕೈಗೆ ಸಿಗೋ ಗಾಡಿ ಆಗಿರಲಿಲ್ಲ. ಹಳ್ಳಿಯ ಹೆಚ್ಚು ಜನ ನೋಡಿದ ಮೊದಲ ವಿದ್ಯುತ್ ಕೇಂದ್ರ ಸೈಕಲ್ ಡೈನಮೊ. 6 ವೋಲ್ಟ್, 3 ವ್ಯಾಟ್. ಟೈರಿಗೆ ತಾಗಿಸಿದ ತಕ್ಷಣ ಪೆಡಲ್ ಭಾರ ಆಗ್ತಿತ್ತು. ಬೆಳಕು ಪುಕ್ಕಟೆ ಬರಲ್ಲ ಅನ್ನೋದು ಕಾಲಿಗೇ ಗೊತ್ತಾಗ್ತಿತ್ತು.

ಆಮೇಲೆ ಮೊಪೆಡ್‌ಗಳು ಬಂದವು. 1972ರಲ್ಲಿ ಪುಣೆಯಿಂದ ಲೂನಾ, 1980ರಲ್ಲಿ ನಮ್ಮ ಅತ್ತಿಬೆಲೆ ದಾಟಿದ್ರೆ ಸಿಗೋ ಹೊಸೂರಿನಿಂದ ಟಿವಿಎಸ್ 50. ಈ ಬಗೆಯ ಸಣ್ಣ ಗಾಡಿಗಳಲ್ಲಿ ದೀಪಕ್ಕೆ ಬ್ಯಾಟರಿಯ ಹಂಗಿಲ್ಲ. ಎಂಜಿನ್ ಪಕ್ಕದಲ್ಲಿ ತಿರುಗೋ ಮ್ಯಾಗ್ನೆಟ್, ಅದರ ಒಳಗೆ ಕಾಯಿಲ್ ಪ್ಲೇಟ್, ಅಲ್ಲಿಂದ ನೇರ ಬಲ್ಬಿಗೆ. ಹಾಗಾಗಿ ಆಕ್ಸಿಲರೇಟರ್ ತಿರುಗಿಸಿದ್ರೆ ಬೆಳಕು, ಬಿಟ್ಟರೆ ಕತ್ತಲೆ. ಗುಂಡಿ ಬಂತು ಅಂತ ನಿಧಾನ ಮಾಡಿದ್ರೆ ಬೆಳಕು ಹೋಗಿ ಗುಂಡಿಯೇ ಕಾಣಲ್ಲ. ಕ್ಲಚ್ ಇದ್ದ ಗಾಡಿಯಲ್ಲಿ ಕ್ಲಚ್ ಹಿಡಿದು ರೇಸ್ ಕೊಟ್ಟು ದಾರಿ ನೋಡ್ಕೊಂಡು ಮುಂದೆ ಹೋಗೋರು. ರೆಗ್ಯುಲೇಟರ್ ಇಲ್ಲದ ಗಾಡಿಗಳಲ್ಲಿ ಇನ್ನೊಂದು ತಮಾಷೆ. ಹೆಡ್‌ಲೈಟ್ ಬಲ್ಬ್ ಹೋದ್ರೆ ಹಿಂದೆಯೇ ಟೇಲ್‌ಲೈಟ್ ಬಲ್ಬೂ ಸುಟ್ಟು ಹೋಗೋದು. ಇಬ್ಬರು ಹಂಚ್ಕೊಳ್ತಿದ್ದ ಊಟವನ್ನ ಒಬ್ಬನಿಗೇ ಬಡಿಸಿದ ಹಾಗೆ, ದೊಡ್ಡ ಬಲ್ಬ್ ತಿನ್ನಬೇಕಾದ ಕರೆಂಟು ಪೂರ್ತಿ ಚಿಕ್ಕ ಬಲ್ಬಿನ ಮೇಲೆ ಬೀಳ್ತಿತ್ತು.

ಎಂಬತ್ತರ ದಶಕದ ನಡುವೆ ಜಪಾನಿ ಕಂಪನಿಗಳ ಜೊತೆಗೂಡಿ ಮಾಡಿದ 100 ಸಿಸಿ ಗಾಡಿಗಳು ಬಂದವು. 1985ರಲ್ಲಿ ಹೀರೊ ಹೋಂಡಾ ಸಿಡಿ100, ಅದೇ ವರ್ಷ ಯಮಹಾ ಆರ್‌ಎಕ್ಸ್100. ಇವತ್ತಿನ ಎಷ್ಟೋ ತೋಟದ ಗಾಡಿಗಳು ಈ ತಲೆಮಾರಿನ ವಂಶದವೇ. ಈ ಕಾಲದಿಂದ ಸಿಡಿಐ ಅನ್ನೋ ಪುಟ್ಟ ಪೆಟ್ಟಿಗೆ ನಿಧಾನಕ್ಕೆ ಎಲ್ಲಾ ಕಡೆ ಬಂತು. ಇದರಲ್ಲಿ ಕಿಡಿಗೆ ಬೇಕಾದ ಕರೆಂಟ್ ಮ್ಯಾಗ್ನೆಟ್ ಒಳಗಿನ ಬೇರೆಯದೇ ಸುರುಳಿಯಿಂದ ಬರೋ ಹಾಗೆ ಮಾಡಬಹುದು. ಬ್ಯಾಟರಿ ಸತ್ತರೂ, ದೀಪ ಹೋದ್ರೂ ಎಂಜಿನ್ ಓಡ್ತಾನೇ ಇರುತ್ತೆ. ದಾರಿ ಮಧ್ಯೆ ಕೈಕೊಡಬಾರದು ಅಂತ ಮಾಡಿದ ಒಳ್ಳೇ ವ್ಯವಸ್ಥೆ ಇದು. ಆದರೆ ಅವತ್ತು ಕೆರೆ ಏರಿ ಮೇಲೆ ಬೆಳಕು ಸತ್ತ ಮೇಲೂ ಗಾಡಿ ಮುಂದೆ ನುಗ್ಗಿದ್ದು ಇದೇ ಕಾರಣಕ್ಕೆ.

ಡಕಾರ್ ನಮಗೆ ಕಲಿಸಿದ್ದು

ಇನ್ನು ನಿಜವಾದ ಡರ್ಟ್ ಬೈಕ್. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಪೂರ್ತಿ ಮುಗಿಸಿದ ಮೊದಲ ಭಾರತೀಯ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಮುಗಿಸಿದರು. ಅವರನ್ನ ನಿಮ್ಮಲ್ಲಿ ಅರ್ಧ ಜನ ಬಿಗ್ ಬಾಸ್‌ನಲ್ಲಿ ನೋಡಿರ್ತೀರಿ. ಅದೇ 2019ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಮರುಭೂಮಿ ರ್‍ಯಾಲಿಯಲ್ಲಿ ಸ್ಪರ್ಧೆ ನಡೆಯೋದು ಹಗಲಲ್ಲಿ. ಆದರೆ ಶುರುವಾಗೋ ಜಾಗಕ್ಕೆ ಕ್ಯಾಂಪಿನಿಂದ ಬೆಳಗಿನ ಜಾವದ ಕತ್ತಲಲ್ಲಿ, ಸಾರ್ವಜನಿಕ ರಸ್ತೆಯಲ್ಲೇ ಹೋಗಬೇಕು. ಅದಕ್ಕೇ ರ್‍ಯಾಲಿ ಬೈಕಿಗೆ ದೀಪ ಇರುತ್ತೆ. ಅವು ಬರೀ ದೀಪ ಉರಿಸಲ್ಲ, ದಾರಿ ತೋರಿಸೋ ರೋಡ್‌ಬುಕ್ ಯಂತ್ರ, ಜಿಪಿಎಸ್ ಎಲ್ಲವನ್ನೂ ಅದೇ ಎಂಜಿನ್ ಸಾಕಬೇಕು. ಅವರ ಮೆಕ್ಯಾನಿಕ್‌ಗಳು ಬೈಕ್ ಕಟ್ಟೋ ಮುಂಚೆ ವ್ಯಾಟ್ ಲೆಕ್ಕ ಬರೀತಾರೆ. ನಾನು ಎಲ್‌ಇಡಿ ಬಾರ್ ಬಂದ ಡಬ್ಬದ ಮೇಲಿನ ಫೋಟೊ ನೋಡಿ ಹಾಕಿದ್ದೆ. ವ್ಯತ್ಯಾಸ ಇಷ್ಟೇ.

ನಮ್ಮ ರಸ್ತೆಗೆ ದೀಪ, ಇಂಡಿಕೇಟರ್ ಎಲ್ಲಾ ಸಮೇತ ಬಂದ ಕಡಿಮೆ ಬೆಲೆಯ ಮಣ್ಣು ದಾರಿ ಬೈಕ್‌ಗಳೂ ಇವೆ: 2011ರ ಹೀರೊ ಇಂಪಲ್ಸ್, 2019ರ ಎಕ್ಸ್‌ಪಲ್ಸ್. ಅಂಥ ಗಾಡಿ ಇದ್ದೋರಿಗೆ ಮೂಲ ವೈರಿಂಗ್ ಸಿದ್ಧ ಇರುತ್ತೆ. ಅದರ ಮೇಲೆ ಇನ್ನೇನಾದ್ರೂ ಸೇರಿಸೋವಾಗ ಮಾತ್ರ ಮುಂದಿನ ಮಾತು ಅನ್ವಯ.

ನೀಲಿ ಬೆಳಕಿನ ಕ್ರಾಂತಿ

ಈ ಇಡೀ ಜಮಾ-ಖರ್ಚಿನ ಪುಸ್ತಕವನ್ನ ತಿರುಗಿಸಿ ಹಾಕಿದ್ದು ಎಲ್‌ಇಡಿ. ಕೆಂಪು ಎಲ್‌ಇಡಿಯನ್ನ ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲೇ ಮಾಡಿದ್ದರು. ಬಿಳಿ ಬೆಳಕು ಬೇಕಂದ್ರೆ ನೀಲಿ ಎಲ್‌ಇಡಿ ಬೇಕಿತ್ತು. ಪ್ರಖರ ನೀಲಿ ಬರೋಕೆ 30 ವರ್ಷಕ್ಕಿಂತ ಜಾಸ್ತಿ ಹಿಡೀತು. ಜಪಾನಿನ ನಿಚಿಯಾ ಕಂಪನಿಯಲ್ಲಿ ಶುಜಿ ನಕಮುರ 1993ರಲ್ಲಿ ಅದನ್ನ ಸಾಧಿಸಿದರು. 2014ರಲ್ಲಿ ಅವರಿಗೂ, ಅದೇ ದಾರಿಯಲ್ಲಿ ದುಡಿದ ಅಕಸಾಕಿ ಮತ್ತು ಅಮಾನೊ ಅವರಿಗೂ ಭೌತವಿಜ್ಞಾನದ ನೊಬೆಲ್ ಬಂತು. ಬೈಕಿನ ಸಾಮಾನ್ಯ 35 ವ್ಯಾಟ್ ಹ್ಯಾಲೋಜನ್ ಬಲ್ಬ್ ಕೊಡೋ ಬೆಳಕನ್ನ ಈಗ 10 ವ್ಯಾಟ್ ಆಸುಪಾಸಿನ ಒಳ್ಳೇ ಎಲ್‌ಇಡಿ ಕೊಡುತ್ತೆ. ಎಂಜಿನ್‌ನ ಸಂಬಳ ಜಾಸ್ತಿ ಆಗಲಿಲ್ಲ, ಬೆಳಕಿನ ರೇಟ್ ಇಳೀತು.

ರೇಟ್ ಇಳಿದ್ರೆ ನಾವು ಏನು ಮಾಡ್ತೀವಿ? ಜಾಸ್ತಿ ಕೊಳ್ತೀವಿ. ನಾನು ತರಿಸಿದ್ದು 10 ವ್ಯಾಟಿನದ್ದಲ್ಲ, 36 ವ್ಯಾಟಿನದ್ದು. 12 ವೋಲ್ಟಿಗೆ ಅದು 3 ಆಂಪಿಯರ್ ತಿನ್ನುತ್ತೆ. ಮಾವನ ಗಾಡಿಯ ಬ್ಯಾಟರಿ 2.5 ಆಂಪಿಯರ್-ಅವರ್. ಚಾರ್ಜಿಂಗ್ ಇಲ್ಲದಿದ್ರೆ ಪುಸ್ತಕದ ಲೆಕ್ಕದಲ್ಲೇ 50 ನಿಮಿಷಕ್ಕೆ ಖಾಲಿ. ವೈರ್ ಸುಡದೇ ಇದ್ದಿದ್ರೂ ಇನ್ನೊಂದು ರಾತ್ರಿ ಬ್ಯಾಟರಿ ಬರಿದಾಗಿ ಬೆಳಕು ಕೈಕೊಡ್ತಿತ್ತು.

ಎರಡನೇ ಸಲ ಹೇಗೆ ಹಾಕಿದ್ವಿ

ಮಾವನ ಕೈ ಪಟ್ಟಿ ಬಿಚ್ಚಿದ ಮೇಲೆ ಚನ್ನಗಿರಿಯ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ ಹತ್ರ ಗಾಡಿ ತಗೊಂಡು ಹೋದ್ವಿ. ಅವರು ಮೊದಲು ಲೈಟ್ ಮುಟ್ಟಲೇ ಇಲ್ಲ, ಮ್ಯಾಗ್ನೆಟ್ ಕವರ್ ಬಿಚ್ಚಿದರು. ಅಲ್ಲಿಂದ ಕಲಿತಿದ್ದನ್ನ ನನ್ನ ಭಾಷೆಯಲ್ಲಿ, ಅಂದ್ರೆ ಅಕೌಂಟ್ಸ್ ಭಾಷೆಯಲ್ಲಿ ಹೇಳ್ತೀನಿ.

ಮೊದಲನೇದು ಆದಾಯ. ಕಾಯಿಲ್ ಪ್ಲೇಟಿನಲ್ಲಿ ಕಿಡಿಗೆ ಮಾತ್ರ ಸುರುಳಿ ಇದೆಯೋ, ದೀಪಕ್ಕೂ ಬೇರೆ ಸುರುಳಿ ಇದೆಯೋ ನೋಡಿ. ರೇಸಿಗೆ ಮಾಡಿದ ಬೈಕ್‌ಗಳಲ್ಲಿ ದೀಪದ ಸುರುಳಿ ಇರದೇ ಇರಬಹುದು. ಆಗ ಗಾಡಿಗೆ ಲೈಟಿನ ಲೆಕ್ಕದಲ್ಲಿ ಆದಾಯ ಸೊನ್ನೆ. ಮನೆಯಲ್ಲಿ ಚಾರ್ಜ್ ಮಾಡಿದ ಬ್ಯಾಟರಿ ಕಟ್ಕೊಂಡು ಹೋಗಬೇಕು, ಗಂಟು ಕರಗೋವರೆಗೆ ಮಾತ್ರ ಬೆಳಕು. 10 ವ್ಯಾಟ್ ಎಲ್‌ಇಡಿಗೆ 4 ಆಂಪಿಯರ್-ಅವರ್ ಬ್ಯಾಟರಿ ಇದ್ರೆ ಲೆಕ್ಕಕ್ಕೆ ನಾಲ್ಕೂ ಮುಕ್ಕಾಲು ಗಂಟೆ, ನಂಬೋಕೆ ಅದರ ಅರ್ಧ.

ಎರಡನೇದು, ದೀಪದ ಸುರುಳಿ ಇದ್ರೂ ಅಲ್ಲಿಂದ ಬರೋದು ಎಸಿ ಕರೆಂಟ್. ತಂತಿ ಬಲ್ಬಿಗೆ ನಡೆಯುತ್ತೆ, ಎಲ್‌ಇಡಿಗೆ ಮತ್ತು ಬ್ಯಾಟರಿಗೆ ಡಿಸಿ ಬೇಕು. ಅದನ್ನ ಬದಲಾಯಿಸಿ, ಜಾಸ್ತಿ ಬಂದಿದ್ದನ್ನ ತಡೆಯೋದು ಮೆಕ್ಯಾನಿಕ್‌ಗಳು ಆರ್‌ಆರ್ ಯೂನಿಟ್ ಅನ್ನೋ ರೆಗ್ಯುಲೇಟರ್-ರೆಕ್ಟಿಫೈಯರ್. ಹಳೇ ಗಾಡಿಗಳಲ್ಲಿ ಸುರುಳಿಯ ಒಂದು ತುದಿಯನ್ನ ಬಾಡಿಗೆ ಅರ್ತ್ ಮಾಡಿರ್ತಾರೆ. ಹಾಗಿದ್ದಾಗ ಅಲೆಯ ಅರ್ಧ ಭಾಗ ಮಾತ್ರ ಬ್ಯಾಟರಿಗೆ ಬರುತ್ತೆ, ಅಂದ್ರೆ ತಿಂಗಳಿಡೀ ದುಡಿದು ಹದಿನೈದು ದಿನದ ಸಂಬಳ. ಆ ತುದಿಯನ್ನ ಬಾಡಿಯಿಂದ ಬಿಡಿಸಿ, ಎರಡೂ ತುದಿಯನ್ನ ಫುಲ್ ವೇವ್ ಆರ್‌ಆರ್ ಯೂನಿಟಿಗೆ ಕೊಟ್ಟರೆ ಪೂರ್ತಿ ಸಂಬಳ. ಇದು ಬೆಸುಗೆ ಕೆಲಸ, ಗೊತ್ತಿರೋರ ಕೈಲೇ ಮಾಡಿಸಿ. ನಮ್ಮದನ್ನ ಅವರೇ ಮಾಡಿಕೊಟ್ಟರು.

ಮೂರನೇದು ಖರ್ಚು. ಈ ಸಲ ಮುಂದೆ 10 ವ್ಯಾಟ್ ಎಲ್‌ಇಡಿ, ಹಿಂದೆ 2 ವ್ಯಾಟ್ ಎಲ್‌ಇಡಿ. ಒಟ್ಟು 12 ವ್ಯಾಟ್, ಒಂದು ಆಂಪಿಯರ್. ಹಾರನ್ ಎರಡು ಮೂರು ಆಂಪಿಯರ್ ಎಳೆದ್ರೂ ಅದು ಎರಡು ಸೆಕೆಂಡಿನ ಮಾತು. ಮಾವ ಮೊಬೈಲ್ ಚಾರ್ಜರ್ ಬೇಕು ಅಂದ್ರು. ಎಲೆಕ್ಟ್ರಿಷಿಯನ್ ಬೇಡ ಅಂದ್ರು. ಮಾವ ಸುಮ್ಮನಾದರು.

ನಾಲ್ಕನೇದು ವಿಮೆ, ಅಂದ್ರೆ ಫ್ಯೂಸ್. ಇದನ್ನ ದಯವಿಟ್ಟು ಎರಡು ಸಲ ಕೇಳಿ. ಫ್ಯೂಸ್ ಇರೋದು ಬಲ್ಬ್ ಉಳಿಸೋಕಲ್ಲ, ವೈರ್ ಉಳಿಸೋಕೆ. ಒಂದು ಆಂಪಿಯರ್ ಕೆಲಸಕ್ಕೆ 3 ಆಂಪಿಯರ್ ಫ್ಯೂಸ್ ಸಾಕು. ಅದು ಇರಬೇಕಾದ ಜಾಗ ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನ ಒಳಗೆ. ಯಾಕಂದ್ರೆ ಫ್ಯೂಸಿಗೂ ಬ್ಯಾಟರಿಗೂ ನಡುವಿನ ವೈರಿಗೆ ಕಾವಲು ಇಲ್ಲ. ಶಾರ್ಟ್ ಆದಾಗ ಅಂಗೈ ಅಗಲದ ಬ್ಯಾಟರಿ ಕೂಡ ಹತ್ತಾರು ಆಂಪಿಯರ್ ಕಕ್ಕುತ್ತೆ. ಸಣ್ಣ ವೈರ್ ಒಲೆ ತಂತಿ ಹಾಗೆ ಕೆಂಪಾಗುತ್ತೆ. ಐದು ರೂಪಾಯಿ ಹತ್ತು ರೂಪಾಯಿಗೆ ಸಿಗೋ ಫ್ಯೂಸನ್ನ ನಾನು ಬಿಟ್ಟಿದ್ದೆ.

ಐದನೇದು ದಾರಿ. ವೈರ್ ಹ್ಯಾಂಡಲ್ ಬುಡದಲ್ಲಿ ಹೋಗೋವಾಗ ಹ್ಯಾಂಡಲ್ಲನ್ನ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಎಳೀಬಾರದು, ಮಡಚಬಾರದು, ಲೋಹಕ್ಕೆ ಉಜ್ಜಬಾರದು. ಮೇಲೆ ಸ್ಲೀವ್ ಹಾಕಿ. ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಮಣ್ಣು ದಾರಿಯ ಅದುರುವಿಕೆಗೆ ಸಡಿಲ ಆಗುತ್ತೆ, ನೀರು ತುಂಬ್ಕೊಳ್ಳುತ್ತೆ. ಕ್ರಿಂಪ್ ಮಾಡಿದ ಕನೆಕ್ಟರ್ ಹಾಕಿ. ಕೊನೆಗೆ ಮಲ್ಟಿಮೀಟರ್ ಹಿಡಿದು ನೋಡಿ. ಎಂಜಿನ್ ಆಫ್ ಇದ್ದಾಗ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಆಸುಪಾಸು, ಲೈಟ್ ಹಾಕಿ ಹದವಾಗಿ ರೇಸ್ ಕೊಟ್ಟಾಗ 13.5ರಿಂದ 14.5. 13ಕ್ಕಿಂತ ಕೆಳಗೇ ನಿಂತರೆ ಖರ್ಚು ಆದಾಯ ಮೀರಿದೆ ಅಂತ ಅರ್ಥ. 15 ದಾಟಿದ್ರೆ ರೆಗ್ಯುಲೇಟರ್ ಕೆಲಸ ಮಾಡ್ತಿಲ್ಲ.

ಸೂರ್ಯನ್ನ ಕಟ್ಕೊಂಡು ಬಂದವನು

ಕಾನೂನಿನ ಮಾತು ಚಿಕ್ಕದಾಗಿ. 2017ರ ಏಪ್ರಿಲ್ 1ರಿಂದ ನಮ್ಮಲ್ಲಿ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಆನ್ ಆದ ಕೂಡಲೇ ತಾನೇ ಉರೀಬೇಕು. ನೀವು ಬೇರೆಯವರನ್ನ ನೋಡೋಕಷ್ಟೇ ಅಲ್ಲ, ಬೇರೆಯವರಿಗೆ ನೀವು ಕಾಣಲಿ ಅಂತ ಆ ನಿಯಮ. ಇನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ತಿದ್ದುಪಡಿ ಆದ ಮೇಲೆ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಬೀಳಬಹುದು, ಜೈಲಿಗೂ ಅವಕಾಶ ಇದೆ. ಸ್ವಂತ ತೋಟದೊಳಗೆ ಓಡಿಸೋ ಗಾಡಿ ಬೇರೆ, ಟಾರ್ ರಸ್ತೆಗೆ ಇಳಿಯೋ ಗಾಡಿ ಬೇರೆ. ಇದು ನೆನಪಿರಲಿ.

ಕಾನೂನಿಗಿಂತ ನನಗೆ ಜಾಸ್ತಿ ನಾಟಿದ್ದು ಒಬ್ಬ ಅಜ್ಜನ ಮಾತು. ಹಳೇ ಎಲ್‌ಇಡಿ ಬಾರ್ ಹಾಕಿದ ಎರಡನೇ ದಿನವೇ ಇದು ನಡೆದಿತ್ತು, ನಾನು ಯಾರಿಗೂ ಹೇಳಿರಲಿಲ್ಲ. ಸಂಜೆ ತೋಟದ ದಾರಿಯಲ್ಲಿ ಲೈಟ್ ಪರೀಕ್ಷೆ ಮಾಡ್ತಾ ಬರ್ತಿದ್ದೆ. ಎದುರಿಂದ ಒಬ್ಬ ಅಜ್ಜ ಸೈಕಲ್ ಮೇಲೆ ಹುಲ್ಲಿನ ಹೊರೆ ಇಟ್ಕೊಂಡು ತಳ್ಕೊಂಡು ಬರ್ತಿದ್ರು. ನನ್ನ ಬೆಳಕು ಕಣ್ಣಿಗೆ ಬಿದ್ದ ತಕ್ಷಣ ಕೈ ಅಡ್ಡ ಹಿಡಿದರು, ಸೈಕಲ್ ಹೊರೆ ಸಮೇತ ಬಸಿಗಾಲುವೆಗೆ ಉರುಳ್ತು. ಓಡಿಹೋಗಿ ಎತ್ತಿಕೊಟ್ಟೆ. ಅವರು ಕಣ್ಣುಜ್ಜುತ್ತಾ, "ಏನಪ್ಪಾ, ಸೂರ್ಯನ್ನ ಗಾಡಿಗೆ ಕಟ್ಕಂಡು ಬಂದೀಯ? ನಿಂಗೆ ದಾರಿ ಕಾಣ್ತು, ನಂಗೆ?" ಅಂದರು.

ಆ ಅಗ್ಗದ ಬಾರ್‌ಗಳಲ್ಲಿ ಬೆಳಕನ್ನ ಕೆಳಗೆ ಕತ್ತರಿಸೋ ಗಾಜಿನ ವಿನ್ಯಾಸ ಇರಲ್ಲ, ಎಲ್ಲಾ ಕಡೆ ಚೆಲ್ಲುತ್ತೆ. ಅದಕ್ಕೇ ಈ ಸಲ ಲೋ ಬೀಮ್‌ನಲ್ಲಿ ಗೆರೆ ಹೊಡೆದ ಹಾಗೆ ಬೆಳಕು ಕೆಳಗೇ ನಿಲ್ಲೋ ಲೈಟ್ ಹಾಕಿಸಿದ್ವಿ. ರಾತ್ರಿ ಅಡಿಕೆ ಗೋದಾಮಿನ ಗೋಡೆಗೆ 5 ಮೀಟರ್ ದೂರದಲ್ಲಿ ಗಾಡಿ ನಿಲ್ಲಿಸಿ, ಮಾವನನ್ನೇ ಮೇಲೆ ಕೂರಿಸಿದ್ವಿ. ಲೈಟಿನ ಎತ್ತರಕ್ಕೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಬೆಳಕಿನ ಮೇಲ್ಗೆರೆ ಆ ಗುರುತಿಗಿಂತ ನಾಲ್ಕೈದು ಬೆರಳು ಕೆಳಗೆ ಬೀಳೋ ಹಾಗೆ ಬಗ್ಗಿಸಿದ್ವಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ನಿಮ್ಮ ಗಾಡಿಯಲ್ಲೂ ಇವತ್ತೇ ನೋಡಬಹುದು.

ಈಗ ಮಾವ ಮತ್ತೆ ರಾತ್ರಿ ಪಾಳಿಗೆ ಹೋಗ್ತಾರೆ. ಬೆಳಕು ಮೊದಲಿನಷ್ಟು ಪ್ರಖರ ಇಲ್ಲ, ತೋಟ ಹಗಲಾಗಲ್ಲ. ಏರಿಯ ದಾರಿ ಕಾಣುತ್ತೆ, ಎದುರು ಬರೋರ ಕಾಲು ಕಾಣುತ್ತೆ. ಮೊನ್ನೆ ಫೋನ್ ಮಾಡಿದ್ದಾಗ ಅತ್ತೆ ಅಂದ್ರು: "ಈಗ ಅವ್ರು ಹೋದ್ಮೇಲೆ ನಂಗೆ ನಿದ್ದೆ ಬರ್ತೈತೆ ಕಣೋ." ಈ ಸಂಚಿಕೆಗೆ ನನಗೆ ಬೇಕಿದ್ದ ಬ್ಯಾಲೆನ್ಸ್ ಶೀಟ್ ಅದೇ.

ನಿಮ್ಮ ಮನೆಯಲ್ಲೂ ಜಾವಾ, ಲೂನಾ, ತೋಟದ ಗಾಡಿ ಓಡಿಸಿದ ದೊಡ್ಡವರು ಇದ್ರೆ, ಅವರು ಕತ್ತಲಲ್ಲಿ ಹೇಗೆ ದಾರಿ ನೋಡ್ತಿದ್ರು ಅಂತ ಕೇಳಿ, ಅವರ ದನಿಯಲ್ಲೇ ಒಂದು ವಾಯ್ಸ್ ನೋಟ್ ಕಳಿಸಿ. ಅಷ್ಟರೊಳಗೆ ನಿಮ್ಮ ಗಾಡಿ ಸೀಟ್ ಎತ್ತಿ, ಫ್ಯೂಸ್ ಎಲ್ಲಿದೆ ಅಂತ ಒಂದ್ಸಲ ನೋಡಿ. ಮುಂದಿನ ವಾರ ಸಿಗೋಣ. ನಮಸ್ಕಾರ.